ಋತುಸಂಧಿ

ಸ್ತ್ರೀಯರಲ್ಲಿ ರಜಸ್ಸು 12ನೆಯ ವಯಸ್ಸಿನಿಂದ ಮೊದಲ್ಗೊಂಡು ಪ್ರವರ್ತಿಸಿ, ಜರೆಯಿಂದ ಶರೀರವು ಪಕ್ವವಾದ ಮೇಲೆ 50ನೆಯ ವಯಸ್ಸಿಗೆ ಕ್ಷಯವನ್ನು ಹೊಂದುವುದೆಂಬುದು ಸುಶ್ರುತಸಂಹಿತೆಯ ಶಾರೀರಸ್ಥಾನದ ಮತ. ಅಷ್ಟಾಂಗಹೃದಯವನ್ನು ರಚಿಸಿದ ವಾಗ್ಭಟನೂ ಇದೇ ಮಿತಿಯನ್ನು ಅಂಗೀಕರಿಸಿದ್ದಾನೆ. ಗ್ರೀಸ್ ದೇಶದ ಅರಿಸ್ಟಾಟಲನು ಬಹುಮಂದಿ ಸ್ತ್ರೀಯರಿಗೆ 40ರ ಸುಮಾರಿನಲ್ಲಿ ಋತುವು ನಿಲ್ಲುವುದೆಂದೂ, ಕೆಲವರಲ್ಲಿ 50ರವರೆಗೂ ನಡೆಯುವುದೆಂದೂ ಬರೆದನು. 12ನೆಯ ಶತಮಾನದಲ್ಲಿ ಜರ್ಮನಿಯ ಒಂದು ಸಂನ್ಯಾಸಿನೀಮಠದ ಅಧಿಕಾರಿಣಿಯಾಗಿದ್ದ ಹಿಲ್ಡೆಗಾರ್ಡಳೂ 50 ಎಂಬ ಸಂಖ್ಯೆಯನ್ನೇ ಹೇಳಿದಳು. ದೇಶಭಾಷೆಗಳು ಬೇರೆಯಾದರೂ ಗಣನೆಯು ಬಹುಮಟ್ಟಿಗೆ ಹೊಂದಿಕೊಂಡಿರುವುದು ಗಮನಾರ್ಹವಾಗಿದೆ. ಆದರೆ ಇವರೆಲ್ಲರೂ ಹೇಳಿದುದು ಅಂತ್ಯವನ್ನು. ಆ ಅಂತ್ಯಕ್ಕೆ ಮುನ್ನ ಬರುವ ನಾಲ್ಕಾರು ವರ್ಷಗಳ ಮಾತು ಈ ವಚನಗಳಲ್ಲಿ ಇಲ್ಲ.

ವಾಗ್ಭಟನೇ ವರ್ಷದ ಋತುಗಳನ್ನು ವಿವರಿಸುವಾಗ 'ಋತುಸಂಧಿ' ಎಂಬುದನ್ನು ಹೇಳಿರುವನು. ಕಳೆಯುವ ಋತುವಿನ ಕೊನೆಯ 7 ದಿನಗಳೂ ಬರುವ ಋತುವಿನ ಮೊದಲ 7 ದಿನಗಳೂ ಸೇರಿ ಸಂಧಿಕಾಲವೆನಿಸುವುವು. ಆಗ ಹಿಂದಿನ ಚರ್ಯೆಯನ್ನು ಮೆಲ್ಲಮೆಲ್ಲನೆ ಬಿಟ್ಟು ಮುಂದಿನದನ್ನು ಮೆಲ್ಲಮೆಲ್ಲನೆ ಹಿಡಿಯಬೇಕು. ಹಠಾತ್ತಾಗಿ ಮಾಡಿದರೆ ರೋಗಗಳು ಹುಟ್ಟುವುವೆಂಬುದು ಅವನ ಎಚ್ಚರಿಕೆ. ಹೊರಗಿನ ಋತುವಿಗೂ ಸ್ತ್ರೀಶರೀರದ ಋತುವಿಗೂ ನಮ್ಮ ಭಾಷೆಗಳಲ್ಲಿ ಹೆಸರು ಒಂದೇ. ಆದರೂ ಎರಡನೆಯದಕ್ಕೂ ಒಂದು ಸಂಧಿಯುಂಟೆಂಬ ಅರಿವು ಲೋಕಕ್ಕೆ ಬಹಳ ತಡವಾಗಿ ಬಂದಿತು.

ಕನ್ನಡದ ಮನೆಗಳಲ್ಲಿಯೂ 'ಮುಟ್ಟು ನಿಂತಿತು' ಎಂಬ ಮಾತು ಮಾತ್ರ ಬಳಕೆಯಲ್ಲಿದ್ದಿತು. ತಿಂಗಳಿಗೆ ಮೂರು ದಿನ ಹೊರಗೆ ಕೂಡುವ ಕಟ್ಟುಪಾಡು ಇದ್ದ ಮನೆಗಳಲ್ಲಿ ಅದು ನಿಂತುದು ಗೃಹಿಣಿಗೆ ಒಂದು ಬಗೆಯ ಬಿಡುಗಡೆಯೂ ಆಗಿದ್ದಿತು. ಅಡುಗೆಯ ಮನೆಗೂ ದೇವರ ಮನೆಗೂ ಮೂವತ್ತು ದಿನವೂ ಅವಳೇ ಒಡತಿಯಾಗುತ್ತಿದ್ದಳು. ಆದರೆ ನಿಲ್ಲುವುದಕ್ಕೆ ಮುನ್ನ ಒಮ್ಮೆ ಇಪ್ಪತ್ತು ದಿನಕ್ಕೂ ಒಮ್ಮೆ ಎರಡು ತಿಂಗಳಿಗೂ ಬರುವ ಸ್ರಾವ, ಚಳಿಗಾಲದ ರಾತ್ರಿಯಲ್ಲಿಯೂ ಎದೆಯಿಂದ ಮುಖಕ್ಕೆ ಏರುವ ಬಿಸಿ, ಬೆವರಿನಿಂದ ಮುರಿಯುವ ನಿದ್ರೆ, ಮರೆವು, ಅಲ್ಪಕಾರಣಕ್ಕೆ ಬರುವ ಅಳು ಅಥವಾ ಕೋಪ—ಇವುಗಳಿಗೆ ಹೆಸರಿರಲಿಲ್ಲ. ಹೆಸರಿಲ್ಲದ ಬಾಧೆಗೆ ಸುತ್ತಲಿನವರು ಸುಲಭವಾಗಿ ಕೊಡುವ ಹೆಸರು 'ಸ್ವಭಾವ' ಎಂಬುದು.

ಯೂರೋಪಿನಲ್ಲಿ ಈ ವಿಷಯಕ್ಕೆ ಪ್ರತ್ಯೇಕವಾಗಿ ಗಮನ ಕೊಟ್ಟ ಮೊದಲಿಗರಲ್ಲಿ ಲಂಡನ್ನಿನ ವೈದ್ಯನಾದ ಜಾನ್ ಫಾದರ್‌ಗಿಲ್ ಒಬ್ಬನು. ಅವನು 1776ರಲ್ಲಿ ಬರೆದ ಪ್ರಬಂಧದಲ್ಲಿ, ಈ ಕಾಲವನ್ನು ಭಯದಿಂದ ನಿರೀಕ್ಷಿಸುವಂತೆ ಸ್ತ್ರೀಯರಿಗೆ ಕಲಿಸಲಾಗುತ್ತಿದೆಯೆಂದು ತಿಳಿಸಿ, ಇದು ಸಹಜವಾದ ಅವಸ್ಥೆಯೆಂದು ವಾದಿಸಿದನು. ಫ್ರಾನ್ಸಿನ ಗಾರ್ದಾನ್ ಎಂಬ ವೈದ್ಯನು 1816ರಲ್ಲಿ ತಿಂಗಳು ಮತ್ತು ನಿಲುಗಡೆ ಎಂಬರ್ಥದ ಎರಡು ಗ್ರೀಕ್ ಶಬ್ದಗಳನ್ನು ಕೂಡಿಸಿ ಹೊಸ ಪದವೊಂದನ್ನು ಕಟ್ಟಿ, 1821ರಲ್ಲಿ ಅದನ್ನು 'ಮೆನೋಪಾಸ್' ಎಂದು ಕಿರಿದುಗೊಳಿಸಿದನು. ಇಂದು ಲೋಕವೆಲ್ಲ ಬಳಸುವ ಪದವಿದು. ಆದರೆ ಈ ಪದವೂ ನಿಲುಗಡೆಯನ್ನೇ ಹೇಳುವುದು. ಅದಕ್ಕಿಂತ ಹಳೆಯದಾದ 'ಕ್ಲೈಮ್ಯಾಕ್ಟೆರಿಕ್' ಎಂಬುದು ಏಣಿಯ ಮೆಟ್ಟಿಲು ಎಂಬರ್ಥದ ಗ್ರೀಕ್ ಶಬ್ದದಿಂದ ಬಂದುದು. ಒಂದು ಮೆಟ್ಟಿಲಿನಿಂದ ಇನ್ನೊಂದಕ್ಕೆ ಕಾಲಿಡುವ ಭಾವ ಅದರಲ್ಲಿ ಇದ್ದಿತು.

ಸಂಧಿಕಾಲವನ್ನು ಸ್ಪಷ್ಟವಾಗಿ ಕಂಡವನು ಲಂಡನ್ನಿನ ಎಡ್ವರ್ಡ್ ಟಿಲ್ಟ್. 1857ರಲ್ಲಿ ಪ್ರಕಟವಾದ ಅವನ ಗ್ರಂಥವು ಈ ವಿಷಯಕ್ಕೇ ಮೀಸಲಾದುದು. ಅವನು ಸುಮಾರು 500 ಮಂದಿ ಸ್ತ್ರೀಯರನ್ನು ವಿಚಾರಿಸಿ, ಅವರು ಹೇಳಿದುದನ್ನು ಎಣಿಸಿ ಪಟ್ಟಿಮಾಡಿದನು. ಋತುವು ಒಮ್ಮೆ ಕಾಣಿಸಿಕೊಂಡು ಒಮ್ಮೆ ತಪ್ಪಿಸಿಕೊಳ್ಳುವ ವರ್ಷಗಳಿಗೆ ಇಂಗ್ಲೆಂಡಿನ ಸ್ತ್ರೀಯರು 'ತಪ್ಪಿಸಿಕೊಳ್ಳುವ ಕಾಲ' ಎಂಬರ್ಥದ ಆಡುಮಾತನ್ನು ಬಳಸುತ್ತಿದ್ದರು; ಟಿಲ್ಟನು ಅದನ್ನೇ ತನ್ನ ಶಾಸ್ತ್ರಗ್ರಂಥಕ್ಕೆ ತೆಗೆದುಕೊಂಡನು. ಪಂಡಿತರಿಗೆ ತಿಳಿಯದಿದ್ದುದಕ್ಕೆ ಅಡುಗೆಯ ಮನೆಗಳಲ್ಲಿ ಆಗಲೇ ಹೆಸರು ಹುಟ್ಟಿದ್ದಿತೆಂಬುದಕ್ಕೆ ಇದೊಂದು ನಿದರ್ಶನ. ಆದರೆ ಟಿಲ್ಟನು ನೂರಕ್ಕೂ ಮೀರಿದ ಬಾಧೆಗಳನ್ನು ಈ ಒಂದೇ ಕಾರಣಕ್ಕೆ ಕಟ್ಟಿದನು. ಸಹಜಾವಸ್ಥೆಯೆಂದು ಫಾದರ್‌ಗಿಲ್ ಹೇಳಿದುದು ಹೀಗೆ ರೋಗಗಳ ಉಗ್ರಾಣವಾಯಿತು.

ಇದರ ಪರಿಣಾಮವು ಒಳ್ಳೆಯದಾಗಲಿಲ್ಲ. 1872ರಲ್ಲಿ ಅಮೆರಿಕದ ಜಾರ್ಜಿಯಾ ಪ್ರಾಂತದ ರಾಬರ್ಟ್ ಬ್ಯಾಟಿ ಎಂಬ ವೈದ್ಯನು ಸ್ತ್ರೀಯರ ಬಾಧೆಗಳಿಗೆ ಮದ್ದೆಂದು ಅಂಡಾಶಯಗಳನ್ನೇ ಕತ್ತರಿಸಿ ತೆಗೆಯುವ ಕ್ರಮವನ್ನು ಹೂಡಿದನು. ಅನೇಕ ತರುಣಿಯರು ಇದಕ್ಕೆ ಗುರಿಯಾದರು. ಅಕಾಲದಲ್ಲಿ ಋತು ನಿಂತು, ಮೈಬಿಸಿಯೇ ಮೊದಲಾದ ಲಕ್ಷಣಗಳು ಒಮ್ಮೆಗೇ ತಲೆದೋರಿದುವು. 1896ರಲ್ಲಿ ಜರ್ಮನಿಯ ಕ್ರೇಪೆಲಿನ್ ಎಂಬ ಮನೋವೈದ್ಯನು ಇಳಿವಯಸ್ಸಿನ ವಿಷಾದರೋಗವೆಂದು ಒಂದು ವರ್ಗವನ್ನೇ ಕಲ್ಪಿಸಿದನು. ಈ ಕಾಲದ ಸ್ತ್ರೀಯರ ದುಃಖವೆಲ್ಲವನ್ನೂ ಆ ಚೀಲಕ್ಕೆ ತುಂಬುವುದು ವೈದ್ಯರಿಗೆ ಅಭ್ಯಾಸವಾಯಿತು. ಅಮೆರಿಕದ ಮನೋವೈದ್ಯರ ಸಂಘವು ಆ ವರ್ಗವನ್ನು ತನ್ನ ಕೈಪಿಡಿಯಿಂದ ತೆಗೆದುಹಾಕಿದುದು 1980ರಲ್ಲಿ.

ಈ ಮಧ್ಯೆ ಬೇರೊಂದು ದಾರಿಯಿಂದ ಬೆಳಕು ಬರುತ್ತಿದ್ದಿತು. 1849ರಲ್ಲಿ ಗಾಟಿಂಗೆನ್ ನಗರದ ಬರ್ತೋಲ್ಡ್ ಎಂಬ ಪಂಡಿತನು ಹುಂಜಗಳ ವೃಷಣವನ್ನು ತೆಗೆದು, ಅದನ್ನು ಹೊಟ್ಟೆಯೊಳಗೆ ಬೇರೆ ಕಡೆ ನೆಟ್ಟರೂ ಅವುಗಳ ಜುಟ್ಟೂ ಕೂಗೂ ಉಳಿಯುವುವೆಂದು ತೋರಿಸಿದನು. ನರಗಳ ಸಂಬಂಧವು ಕಡಿದರೂ ರಕ್ತದ ಮೂಲಕ ಯಾವುದೋ ಸಂದೇಶ ಹರಿಯುವುದೆಂದು ಇದರಿಂದ ಸಿದ್ಧವಾಯಿತು. 1896ರಲ್ಲಿ ವಿಯೆನ್ನಾದ ಕ್ನಾವರ್ ಎಂಬವನು ಮೊಲಗಳಲ್ಲಿ ಅಂಡಾಶಯದ ಕಸಿಯಿಂದ ಇದೇ ತತ್ತ್ವವನ್ನು ಕಂಡನು. 1905ರಲ್ಲಿ ಇಂಗ್ಲೆಂಡಿನ ಸ್ಟಾರ್ಲಿಂಗ್ ಇಂತಹ ಸಂದೇಶದ್ರವ್ಯಗಳಿಗೆ 'ಹಾರ್ಮೋನು' ಎಂಬ ಹೆಸರನ್ನು ಬಳಕೆಗೆ ತಂದನು. ಪ್ರಚೋದಿಸುವುದು ಎಂಬುದು ಅದರ ಗ್ರೀಕ್ ಮೂಲದ ಅರ್ಥ. 1923ರಲ್ಲಿ ಅಮೆರಿಕದ ಆ್ಯಲೆನ್ ಮತ್ತು ಡಾಯ್ಸಿ ಅಂಡಾಶಯದ ಹಾರ್ಮೋನನ್ನು ಪರೀಕ್ಷಿಸುವ ವಿಧಾನವನ್ನು ಕೊಟ್ಟರು. 1929ರಲ್ಲಿ ಡಾಯ್ಸಿಯೂ ಜರ್ಮನಿಯ ಬ್ಯೂಟೆನಾಂಟನೂ ಪ್ರತ್ಯೇಕವಾಗಿ, ಗರ್ಭಿಣಿಯರ ಮೂತ್ರದಿಂದ ಈಸ್ಟ್ರೊಜೆನ್ ವರ್ಗದ ದ್ರವ್ಯವೊಂದನ್ನು ಶುದ್ಧರೂಪದಲ್ಲಿ ತೆಗೆದರು.

ಮುಟ್ಟು ನಿಂತ ಸ್ತ್ರೀಯಲ್ಲಿ ಎಲ್ಲ ಹಾರ್ಮೋನುಗಳೂ ಬತ್ತುವುವೆಂದು ಆಗ ಊಹಿಸುವುದು ಸುಲಭವಾಗಿದ್ದಿತು. ಆದರೆ 1930ರ ಸುಮಾರಿನಲ್ಲಿ ಬರ್ಲಿನ್ನಿನ ಜೊಂಡೆಕ್ ಅಂಥವರ ಮೂತ್ರದಲ್ಲಿ, ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಗೆ ಸಂಬಂಧಿಸಿದ ಹಾರ್ಮೋನು ಹೆಚ್ಚಾಗಿರುವುದನ್ನು ಕಂಡನು. ಇದರ ಮರ್ಮವು ಹೀಗೆ: ಹೆಣ್ಣುಮಗುವು ಹುಟ್ಟುವಾಗ ಅದರ ಅಂಡಾಶಯಗಳಲ್ಲಿ ಸುಮಾರು 10ರಿಂದ 20 ಲಕ್ಷ ಅಂಡಗಳಿರುವುವು. ಇವು ಕಳೆಯುತ್ತ ಬಂದು 40 ವರ್ಷ ದಾಟುವ ವೇಳೆಗೆ ಬಹಳ ವಿರಳವಾಗುವುವು. ಪಿಟ್ಯುಟರಿಯು ಎಫ್.ಎಸ್.ಎಚ್. ಎಂಬ ಹಾರ್ಮೋನಿನಿಂದ ಅಂಡಾಶಯವನ್ನು ಎಬ್ಬಿಸುವುದು. ಉತ್ತರ ಕ್ಷೀಣವಾದಂತೆ, ಕಿವಿ ಮಂದವಾದವರನ್ನು ಕರೆಯುವವರಂತೆ, ಅದು ಇನ್ನೂ ಗಟ್ಟಿಯಾಗಿ ಕೂಗುವುದು. ಮುಟ್ಟು ನಿಂತವರಲ್ಲಿ ಹೆಚ್ಚುವ ಈ ದ್ರವ್ಯದಿಂದಲೇ ಇಟಲಿಯಲ್ಲಿ, ಮಠಗಳ ವೃದ್ಧ ಸಂನ್ಯಾಸಿನಿಯರು ಕೊಟ್ಟ ಮೂತ್ರವನ್ನು ಸಂಗ್ರಹಿಸಿ ಔಷಧ ಮಾಡಿದರು. ಅದರ ಬಲದಿಂದ ಬಂಜೆಯೆನಿಸಿದ್ದವಳೊಬ್ಬಳು ಇಸ್ರೇಲಿನಲ್ಲಿ 1962ರಲ್ಲಿ ಮಗುವನ್ನು ಹೆತ್ತಳು.

ಇಷ್ಟಾದರೂ ಸಂಧಿಕಾಲದ ರೂಪವನ್ನು ತೋರಿಸಿಕೊಟ್ಟುದು ರಸಾಯನಶಾಲೆಗಿಂತ ಮೊದಲು ಸ್ತ್ರೀಯರ ಪಂಚಾಂಗ. 1934ರಲ್ಲಿ ಅಮೆರಿಕದ ಮಿನೆಸೋಟಾ ವಿಶ್ವವಿದ್ಯಾನಿಲಯದಲ್ಲಿ ಅ್ಯಲನ್ ಟ್ರೆಲೋರ್ ಎಂಬವರು ವಿದ್ಯಾರ್ಥಿನಿಯರಿಗೆ ಪಟ್ಟಿಗಳನ್ನು ಕೊಟ್ಟು, ಋತುದಿನಗಳನ್ನು ಗುರುತು ಹಾಕಿ ಕಳುಹಿಸುವಂತೆ ಕೇಳಿದರು. ಆ ಹುಡುಗಿಯರು ಗೃಹಿಣಿಯರಾಗಿ, ತಾಯಂದಿರಾಗಿ, ಬೇರೆ ಬೇರೆ ಊರುಗಳಿಗೆ ಹೋದ ಮೇಲೂ ಪಟ್ಟಿಗಳನ್ನು ಕಳುಹಿಸುತ್ತಲೇ ಇದ್ದರು. 1967ರಲ್ಲಿ 2,700 ಸ್ತ್ರೀಯರ, ಒಟ್ಟು 25,000ಕ್ಕೂ ಮೀರಿದ ವರ್ಷಗಳ ಲೆಕ್ಕ ಪ್ರಕಟವಾಯಿತು. ನಡುವಯಸ್ಸಿನಲ್ಲಿ ಗಡಿಯಾರದಂತೆ ನಡೆಯುವ ಋತುವು ನಿಲ್ಲುವುದಕ್ಕೆ ಕೆಲವು ವರ್ಷಗಳ ಮುಂಚೆಯೇ ತಾಳ ತಪ್ಪುವುದೆಂಬುದು ಅದರಲ್ಲಿ ನಿಸ್ಸಂದೇಹವಾಗಿ ಕಂಡುಬಂದಿತು. 1976ರಲ್ಲಿ ಷರ್ಮನ್, ಕೊರೆನ್‌ಮನ್ ಮೊದಲಾದವರು ಋತು ಇನ್ನೂ ನಡೆಯುತ್ತಿರುವಾಗಲೇ ಎಫ್.ಎಸ್.ಎಚ್. ಏರುವುದನ್ನು ರಕ್ತಪರೀಕ್ಷೆಯಿಂದ ತೋರಿಸಿದರು. ಆ ಕಾಲದಲ್ಲಿ ಈಸ್ಟ್ರೊಜೆನ್ ಒಂದೇ ಸಮನೆ ಇಳಿಯದೆ, ಕೆಲವು ತಿಂಗಳು ಹಿಂದಿಗಿಂತಲೂ ಹೆಚ್ಚಾಗಿ ಏರಿ, ಕೆಲವು ತಿಂಗಳು ಕುಸಿಯುವುದೆಂದು ಅನಂತರದ ಶೋಧಗಳು ತಿಳಿಸಿದುವು. ದೀಪವು ಆರುವ ಮುನ್ನ ಹೊಯ್ದಾಡುವಂತೆ ಇದು; ಬಾಧೆಯ ಬಹುಭಾಗವು ಈ ಹೊಯ್ದಾಟದಲ್ಲಿಯೇ ಇದೆ.

ಔಷಧದ ಇತಿಹಾಸವು ಇದಕ್ಕಿಂತ ಅವಸರದಿಂದ ಓಡಿತು. ಗಬ್ಬದ ಕುದುರೆಗಳ ಮೂತ್ರದಿಂದ ತೆಗೆದ ಈಸ್ಟ್ರೊಜೆನ್ ಮಾತ್ರೆಯು 1942ರಲ್ಲಿ ಅಮೆರಿಕದ ಪೇಟೆಗೆ ಬಂದಿತು. 1966ರಲ್ಲಿ ನ್ಯೂಯಾರ್ಕಿನ ರಾಬರ್ಟ್ ವಿಲ್ಸನ್ ಎಂಬ ವೈದ್ಯನು, ಋತುನಿವೃತ್ತಿಯು ಕೊರತೆಯ ರೋಗವೆಂದೂ ಮಾತ್ರೆಯಿಂದ ಸ್ತ್ರೀತ್ವವು ನಿತ್ಯವಾಗುವುದೆಂದೂ ಗ್ರಂಥ ಬರೆದು ಲಕ್ಷಾಂತರ ಪ್ರತಿಗಳನ್ನು ಮಾರಿದನು. 1975ರಲ್ಲಿ ಈಸ್ಟ್ರೊಜೆನ್ ಒಂದನ್ನೇ ಸೇವಿಸಿದವರಲ್ಲಿ ಗರ್ಭಕೋಶದ ಒಳಪದರದ ಅರ್ಬುದವು ಹೆಚ್ಚೆಂದು ತಿಳಿಯಿತು. ಆಗ ಪ್ರೊಜೆಸ್ಟೆರಾನ್ ವರ್ಗದ ಔಷಧವನ್ನೂ ಸೇರಿಸಿದರು. 16,608 ಸ್ತ್ರೀಯರ ಮೇಲೆ ನಡೆಯುತ್ತಿದ್ದ ಅಮೆರಿಕದ ದೊಡ್ಡ ಪರೀಕ್ಷೆಯನ್ನು, ಸ್ತನಾರ್ಬುದ ಮೊದಲಾದ ಅಪಾಯಗಳು ಕಂಡುದರಿಂದ 2002ರ ಜುಲೈ ತಿಂಗಳಲ್ಲಿ ನಿಲ್ಲಿಸಲಾಯಿತು. ಹಿಂದಿನ ಅತಿವಿಶ್ವಾಸವು ಒಂದು ದಿನದಲ್ಲಿ ಅತಿಭಯವಾಯಿತು. ಆ ಸ್ತ್ರೀಯರ ಸರಾಸರಿ ವಯಸ್ಸು 63 ಆಗಿದ್ದಿತೆಂಬುದನ್ನು ಹಲವರು ಮರೆತರು. ತೀವ್ರ ಬಾಧೆಯುಳ್ಳ, 60 ವರ್ಷದೊಳಗಿನ, ಬೇರೆ ಅಡ್ಡಿಯಿಲ್ಲದ ಸ್ತ್ರೀಯರಿಗೆ ವೈದ್ಯರ ಆರೈಕೆಯಲ್ಲಿ ಈ ಚಿಕಿತ್ಸೆಯಿಂದ ಲಾಭವೇ ಹೆಚ್ಚೆಂಬುದು ಇಂದಿನ ತಜ್ಞರ ಸಾಮಾನ್ಯ ಮತ.

2001ರಲ್ಲಿ ಅಮೆರಿಕದ ಯೂಟಾ ಪ್ರಾಂತದಲ್ಲಿ ಕೂಡಿದ ತಜ್ಞರು ಈ ಸಂಧಿಕಾಲದ ಹಂತಗಳನ್ನು ನಿಷ್ಕರ್ಷಿಸಿದರು. 2012ರಲ್ಲಿ ಅದು ಪರಿಷ್ಕೃತವಾಯಿತು. ಒಂದು ಋತುಚಕ್ರಕ್ಕೂ ಮುಂದಿನದಕ್ಕೂ 7 ಅಥವಾ ಹೆಚ್ಚು ದಿನಗಳ ಅಂತರವು ಮತ್ತೆ ಮತ್ತೆ ಬೀಳುವುದು ಮೊದಲ ಹಂತ. 60 ಅಥವಾ ಹೆಚ್ಚು ದಿನ ಋತುವಿಲ್ಲದಿರುವುದು ಎರಡನೆಯದು. ಪೂರ್ಣ 12 ತಿಂಗಳು ಕಳೆದ ಬಳಿಕವೇ ನಿಂತಿತೆಂದು ಹೇಳಬೇಕು. ಅಲ್ಲಿಯವರೆಗೆ ಗರ್ಭಧಾರಣೆಯೂ ಸಾಧ್ಯ. 45 ವರ್ಷ ದಾಟಿದ ಆರೋಗ್ಯವಂತೆಯಲ್ಲಿ ಇದನ್ನು ಗುರುತಿಸಲು ಹಾರ್ಮೋನಿನ ರಕ್ತಪರೀಕ್ಷೆ ಬೇಡ, ಅವಳು ಹೇಳುವ ಲಕ್ಷಣಗಳೇ ಸಾಕೆಂದು ಇಂಗ್ಲೆಂಡಿನ ವೈದ್ಯಕೀಯ ಸೂತ್ರಗಳು 2015ರಲ್ಲಿ ವಿಧಿಸಿದುವು. ಏರಿಳಿಯುವ ಹಾರ್ಮೋನು ಒಂದು ದಿನದ ರಕ್ತದಲ್ಲಿ ಸತ್ಯವನ್ನು ಹೇಳದೆಂಬುದೇ ಇದಕ್ಕೆ ಕಾರಣ. ಶಾಸ್ತ್ರವು ಒಂದು ಪ್ರದಕ್ಷಿಣೆ ಮಾಡಿ ಟಿಲ್ಟನ ಪಟ್ಟಿಗೂ ಮಿನೆಸೋಟಾದ ಪಂಚಾಂಗಕ್ಕೂ ಮರಳಿತು.

ಈ ಅನುಭವವು ಎಲ್ಲೆಡೆಯೂ ಏಕರೂಪವಲ್ಲ. ಮಾರ್ಗರೆಟ್ ಲಾಕ್ ಎಂಬ ವಿದುಷಿಯು 1993ರ ಗ್ರಂಥದಲ್ಲಿ, ಜಪಾನಿನ ಸ್ತ್ರೀಯರು ಮೈಬಿಸಿಯನ್ನು ಅಮೆರಿಕದವರಿಗಿಂತ ಕಡಮೆಯಾಗಿಯೂ ಭುಜಗಳ ಬಿಗಿತವನ್ನು ಹೆಚ್ಚಾಗಿಯೂ ಹೇಳುವರೆಂದು ತೋರಿಸಿದ್ದಾರೆ. ಭಾರತದಲ್ಲಿ ಋತುನಿವೃತ್ತಿಯ ಸರಾಸರಿ ವಯಸ್ಸು ಸುಮಾರು 46. ಯೂರೋಪಿನಲ್ಲಿ ಅದು 50ರಿಂದ 51. ಆದುದರಿಂದ ನಮ್ಮಲ್ಲಿ ಸಂಧಿಕಾಲವು 40ನೆಯ ವಯಸ್ಸಿನ ಆಸುಪಾಸಿನಲ್ಲಿಯೇ ಕಾಲಿಡಬಹುದು—ಮಕ್ಕಳ ಪರೀಕ್ಷೆ, ಹಿರಿಯರ ಶುಶ್ರೂಷೆ, ಮನೆಯ ಹೊಣೆ ಇವೆಲ್ಲವೂ ಒಬ್ಬಳ ಹೆಗಲ ಮೇಲಿರುವ ಕಾಲದಲ್ಲಿ. 40ಕ್ಕೆ ಮುಂಚೆ ಋತು ನಿಂತರೂ, ಅತಿಸ್ರಾವವಾದರೂ, ನಿಂತು ವರ್ಷವಾದ ಮೇಲೆ ಮತ್ತೆ ಕಾಣಿಸಿದರೂ ಅದನ್ನು ವಯೋಧರ್ಮವೆಂದು ಬಿಡದೆ ವೈದ್ಯರಿಗೆ ತೋರಿಸಬೇಕು.

ಮೈಬಿಸಿಯ ಮೂಲವೂ ಈಗ ತಿಳಿದಿದೆ. 1990ರ ದಶಕದ ಆರಂಭದಲ್ಲಿ ನವೋಮಿ ರ್‍ಯಾನ್ಸ್ ಎಂಬ ವಿದುಷಿಯು, ಋತುನಿವೃತ್ತರಾದವರ ಮೆದುಳಿನಲ್ಲಿ ಕೆಲವು ನರಕೋಶಗಳು ಹಿಗ್ಗಿರುವುದನ್ನು ಕಂಡರು. ಈಸ್ಟ್ರೊಜೆನ್ನಿನ ಅಂಕೆ ತಪ್ಪಿದ ಈ ಕೋಶಗಳು ದೇಹದ ಉಷ್ಣವನ್ನು ಕಾಯುವ ಕೇಂದ್ರವನ್ನು ಕೆರಳಿಸುವುವು. ಅವನ್ನು ಶಮನಗೊಳಿಸುವ, ಹಾರ್ಮೋನಲ್ಲದ ಔಷಧವೊಂದಕ್ಕೆ ಅಮೆರಿಕವು 2023ರಲ್ಲಿ ಅನುಮತಿ ಕೊಟ್ಟಿತು. ಸ್ವಭಾವವೆಂದು ಶತಮಾನಗಳ ಕಾಲ ಹಳಿಸಿಕೊಂಡುದಕ್ಕೆ ಮೆದುಳಿನಲ್ಲಿ ಇಂತಹ ಖಚಿತವಾದ ನೆಲೆಯಿದ್ದಿತು.

ಸುಶ್ರುತನಿಂದ ಇಂದಿನವರೆಗಿನ ಈ ಕಥೆಯಲ್ಲಿ ಅರಿವು ಮುಂದುವರಿದುದು ಸ್ತ್ರೀಯರ ಮಾತನ್ನು ಕೇಳಿ ಬರೆದುಕೊಂಡಾಗ. ದಾರಿ ತಪ್ಪಿದುದು ಕೇಳದೆ ತೀರ್ಪು ಕೊಟ್ಟಾಗ. ಇದು ವೈದ್ಯಶಾಲೆಗೆ ಹೇಗೋ ಮನೆಗೂ ಹಾಗೆಯೇ. ಋತುಸಂಧಿಯಲ್ಲಿ ಹಳೆಯ ಚರ್ಯೆಯನ್ನು ಮೆಲ್ಲನೆ ಬಿಡಿಸಿ ಹೊಸದನ್ನು ಮೆಲ್ಲನೆ ಹಿಡಿಸಬೇಕೆಂಬುದು ವಾಗ್ಭಟನ ಮತ. ರಾತ್ರಿ ನಿದ್ರೆ ಬಾರದೆ ಎದ್ದು ಕುಳಿತ ತಾಯಿಗೆ ಬೆಳಗಿನ ಕೆಲಸದಲ್ಲಿ ಪಾಲುಗಾರರಾಗುವುದೂ, ಕಾರಣವೇನೆಂದು ಮೃದುವಾಗಿ ವಿಚಾರಿಸುವುದೂ ಮನೆಯವರು ಮಾಡಬಹುದಾದ ಸಂಧಿಚರ್ಯೆ. ಅದಕ್ಕೆ ಗೋಡೆಯ ಪಂಚಾಂಗದಲ್ಲಿ ಅವಳು ಹಾಕಿಕೊಳ್ಳುವ ಒಂದು ಗುರುತೂ, ಅದನ್ನು ನಂಬುವ ಒಂದು ಮನಸ್ಸೂ ಇದ್ದರೆ ಪ್ರಾರಂಭಕ್ಕೆ ಸಾಕು.