ಉಸ್ಮಾನಿಯಾ ಕಲಾ ಕಾಲೇಜು: ಕಟ್ಟಡ, ಸಂಶೋಧನೆ, ಒಳಗಿದ್ದವರು

ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದ ಚರಿತ್ರೆಯನ್ನು ಅದರ ಕಲಾ ಕಾಲೇಜಿನ ಭವ್ಯ ಸೌಧದಿಂದ ಆರಂಭಿಸುವುದು ವಾಡಿಕೆ. ಕಾಲಾನುಕ್ರಮ ಇದನ್ನು ಸಮರ್ಥಿಸುವುದಿಲ್ಲ. 1918ರಲ್ಲಿ ಸ್ಥಾಪಿತವಾದ ಸಂಸ್ಥೆ ಮೊದಲು ಪಾಠ ನಡೆಸಿದ್ದು ನಗರದ ಬಾಡಿಗೆ ಮನೆಗಳಲ್ಲಿ. ಅದರ ಸ್ವೋಪಜ್ಞ ಕಾರ್ಯಗಳ ಆರಂಭವೂ ಸೌಧಕ್ಕಿಂತ ಹಿಂದಿನದು. ಮೌಲ್ವಿ ಅಬ್ದುಲ್ ಹಕ್ ಅವರ ನೇತೃತ್ವದಲ್ಲಿ 1917ರಲ್ಲಿ ತೊಡಗಿದ ಅನುವಾದ ಸಂಸ್ಥೆ ದಾರುಲ್ ತರ್ಜುಮಾ ವಿಜ್ಞಾನ, ಕಾನೂನು, ತತ್ತ್ವಶಾಸ್ತ್ರಗಳಿಗೆ ಉರ್ದು ಪರಿಭಾಷೆಯನ್ನು ಕಟ್ಟಿತು. ಭಾರತೀಯ ಭಾಷೆಯೊಂದು ಉನ್ನತ ಶಿಕ್ಷಣದ ಮಾಧ್ಯಮವಾಗಬಲ್ಲದೆಂಬುದಕ್ಕೆ ಅಂದು ಅದಕ್ಕಿಂತ ದೊಡ್ಡ ಪುರಾವೆ ಇರಲಿಲ್ಲ. 1919ರಲ್ಲಿ ವಿಶ್ವವಿದ್ಯಾಲಯಕ್ಕೆ ಸೇರಿದ ಬೇಗಂಪೇಟೆಯ ನಿಜಾಮಿಯಾ ವೀಕ್ಷಣಾಲಯವು ಅಂತಾರಾಷ್ಟ್ರೀಯ ನಕ್ಷತ್ರಸೂಚಿಗಾಗಿ 7 ಲಕ್ಷಕ್ಕೂ ಹೆಚ್ಚು ನಕ್ಷತ್ರಗಳ ಸ್ಥಾನವನ್ನು ದಾಖಲಿಸಿದ್ದು ಒಂದು ಸಾಧಾರಣ ಗುಮ್ಮಟದ ಕೆಳಗೆ.

ಹೊಸ ಆವರಣಕ್ಕಾಗಿ 1930ರ ಸುಮಾರಿಗೆ ಜೈನ್ ಯಾರ್ ಜಂಗ್ ಮತ್ತು ಸೈಯದ್ ಅಲಿ ರಜಾ ದೇಶವಿದೇಶಗಳ ವಿಶ್ವವಿದ್ಯಾಲಯಗಳನ್ನು ನೋಡಿ ಬಂದರು. ಬೆಲ್ಜಿಯಂನ ವಾಸ್ತುಶಿಲ್ಪಿ ಅರ್ನೆಸ್ಟ್ ಜಾಸ್ಪರ್ ನಕ್ಷೆ ರಚಿಸಿದರು. ಗ್ರಾನೈಟ್ ಕಲ್ಲಿನ ಆ ಮುಖಭಾಗದಲ್ಲಿ ಅಜಂತಾ–ಎಲ್ಲೋರದ ನೆನಪು ತರುವ ಕಂಬಗಳೂ ಇಸ್ಲಾಮೀ ಕಮಾನುಗಳೂ ಕೂಡಿವೆ. ಸಂಸ್ಥಾನದ ಬಹುತ್ವಕ್ಕೆ ಕಲ್ಲಿನಲ್ಲಿ ಸಿಕ್ಕ ಈ ಮನ್ನಣೆ ತರಗತಿಯಲ್ಲಿ ಸಿಗಲಿಲ್ಲ. ಪ್ರಜೆಗಳಲ್ಲಿ ಬಹುಪಾಲು ಜನರ ಮನೆಮಾತು ತೆಲುಗು, ಮರಾಠಿ ಅಥವಾ ಕನ್ನಡ. ಕಲಬುರಗಿ, ರಾಯಚೂರುಗಳಿಂದಲೋ ಮಖ್ತಲ್, ನಾರಾಯಣಪೇಟೆಗಳಿಂದಲೋ ಬಂದ ಕನ್ನಡದ ಹುಡುಗ ಭೌತಶಾಸ್ತ್ರವನ್ನು ಉರ್ದುವಿನಲ್ಲೇ ಓದಬೇಕಿತ್ತು; ಅವನ ನುಡಿ ಪಠ್ಯಕ್ರಮದಲ್ಲಿ ಒಂದು ಭಾಷಾವಿಷಯ ಮಾತ್ರ. ಅವನಿಗೊಂದು ದಾರುಲ್ ತರ್ಜುಮಾ ಇರಲಿಲ್ಲ.

ಕಟ್ಟಡದ ಶಂಕುಸ್ಥಾಪನೆ 1934ರಲ್ಲಿ, ಉದ್ಘಾಟನೆ 1939ರ ಡಿಸೆಂಬರಿನಲ್ಲಿ. ಇವೆರಡರ ನಡುವೆ, 1938ರ ಕೊನೆಯಲ್ಲಿ, ವಿದ್ಯಾರ್ಥಿನಿಲಯದ ಪ್ರಾರ್ಥನೆಯಲ್ಲಿ ವಂದೇ ಮಾತರಂ ಹಾಡುವುದನ್ನು ಅಧಿಕಾರಿಗಳು ನಿಷೇಧಿಸಿದರು. ಮುಷ್ಕರ ಕಲಬುರಗಿಯ ಇಂಟರ್‌ಮೀಡಿಯಟ್ ಕಾಲೇಜಿಗೂ ಹಬ್ಬಿತು. ನೂರಾರು ವಿದ್ಯಾರ್ಥಿಗಳು ಹೊರದೂಡಲ್ಪಟ್ಟರು. ಅವರಲ್ಲಿ ಅನೇಕರಿಗೆ ಪ್ರವೇಶವಿತ್ತದ್ದು ನಾಗಪುರ ವಿಶ್ವವಿದ್ಯಾಲಯ. ಮುಂದೆ ಪ್ರಧಾನಿಯಾದ ಪಿ. ವಿ. ನರಸಿಂಹರಾವ್ ಅವರಲ್ಲೊಬ್ಬರು. ಸಾವಿರಕ್ಕೂ ಹೆಚ್ಚು ಎಕರೆಯ ಆವರಣದಲ್ಲಿ ಕಟ್ಟಡಗಳು ಏಳುತ್ತಿದ್ದಾಗಲೇ ಅವುಗಳೊಳಗೆ ಓದಬೇಕಾದವರು ಪರಪ್ರಾಂತದಲ್ಲಿ ಕೊಠಡಿ ಹುಡುಕುತ್ತಿದ್ದರು.

ಸೌಧವನ್ನೇ ದೂಷಿಸುವುದು ಸುಲಭ, ಆದರೆ ನ್ಯಾಯವಲ್ಲ. ಎತ್ತರದ ಆ ಕೊಠಡಿಗಳು ಇಂದಿಗೂ ಪಾಠಕ್ಕೆ ಒದಗುತ್ತಿವೆ. ಕೊರತೆಯಿದ್ದದ್ದು ಕಟ್ಟಿಸಿದವರ ವಿಚಾರಣೆಯಲ್ಲಿ: ಶೈಲಿಯ ಬಗ್ಗೆ ಖಂಡಾಂತರಗಳಲ್ಲಿ ವಿಚಾರಿಸಿದವರು ಒಳಗೆ ಕೂರುವವರ ಭಾಷೆಯ ಬಗ್ಗೆ ಊರಿನಲ್ಲೇ ವಿಚಾರಿಸಲಿಲ್ಲ. 1948ರ ಪೊಲೀಸ್ ಕಾರ್ಯಾಚರಣೆಯ ಬಳಿಕ ಉರ್ದು ಮಾಧ್ಯಮವೂ ಹೋಗಿ ಇಂಗ್ಲಿಷ್ ಬಂದಿತು. ಕನ್ನಡ ಭಾಷಾವಿಷಯವಾಗಿಯೇ ಉಳಿಯಿತು. ಕಟ್ಟಡಕ್ಕೆ ಆಗಿನ್ನೂ ಹತ್ತು ವರ್ಷ ತುಂಬಿರಲಿಲ್ಲ.