ಹಬ್ಬದ ನೆರಳಿನಲ್ಲಿ ಹಿನ್ನೋಟ ಸಭೆ

ತಂಡವೊಂದು ತಾನು ಮುಗಿಸಿದ ಕೆಲಸವನ್ನು ಒಟ್ಟಾಗಿ ಪರಾಮರ್ಶಿಸುವ ರೆಟ್ರೋಸ್ಪೆಕ್ಟಿವ್, ಅಂದರೆ ಹಿನ್ನೋಟ ಸಭೆಗೆ, ಸಾಫ್ಟ್‌ವೇರ್ ವೃತ್ತಿಯಲ್ಲಿ ಗಟ್ಟಿ ನೆಲೆ ದೊರೆತದ್ದು 2001ರಲ್ಲಿ. ಆ ವರ್ಷ ಅಮೆರಿಕದ ಸ್ನೋಬರ್ಡ್‌ನಲ್ಲಿ 17 ಮಂದಿ ಸೇರಿ ರೂಪಿಸಿದ ಅಜೈಲ್ ಎಂಬ ಸಾಫ್ಟ್‌ವೇರ್ ಕಾರ್ಯವಿಧಾನದ ಪ್ರಣಾಳಿಕೆಗೆ ಹೊಂದಿಕೊಂಡ 12 ತತ್ವಗಳಲ್ಲಿ ಕೊನೆಯದು, ತಂಡಗಳು ನಿಯತವಾಗಿ ತಮ್ಮ ನಡೆಯನ್ನು ತಿದ್ದಿಕೊಳ್ಳಬೇಕೆಂದು ಹೇಳಿದರೆ, ನಾರ್ಮನ್ ಕರ್ತ್ ಹಿನ್ನೋಟ ಸಭೆಗಳನ್ನು ಕುರಿತ ಅದೇ ವರ್ಷದ ತಮ್ಮ ಗ್ರಂಥದಲ್ಲಿ, ಪ್ರತಿಯೊಬ್ಬರೂ ಆಗ ತಿಳಿದಿದ್ದಷ್ಟರಲ್ಲಿ ಕೈಲಾದಷ್ಟು ಚೆನ್ನಾಗಿ ದುಡಿದಿದ್ದಾರೆಂಬ ನಂಬಿಕೆಯನ್ನೇ ಸಭೆಯ ಮೂಲ ನಿಯಮವಾಗಿಸಿ ದೋಷಾರೋಪಣೆಗೆ ತಡೆಯೊಡ್ಡಿದರು. ಮುಂದೆ ಕ್ರಿಸ್‌ಮಸ್ ಕಾಲದ ಸಭೆಗಳಲ್ಲಿ, ಚಾರ್ಲ್ಸ್ ಡಿಕನ್ಸ್ 1843ರಲ್ಲಿ ಪ್ರಕಟಿಸಿದ ‘ಎ ಕ್ರಿಸ್‌ಮಸ್ ಕ್ಯಾರಲ್’ ಕಥೆಯ ಮೂರು ಚೇತನಗಳು ಕಳೆದದ್ದು, ಇರುವುದು, ಬರಲಿರುವುದು ಎಂಬ ಮೂರು ಪ್ರಶ್ನೆಗಳಾಗಿ ಬಳಕೆಗೆ ಬಂದವು. ಹಬ್ಬದ ಸಲಿಗೆಯು ಹಿರಿಕಿರಿಯರ ನಡುವಿನ ಅಂಜಿಕೆಯನ್ನು ಕರಗಿಸಿ ಸತ್ಯವನ್ನು ಹೇಳಿಸಿದಾಗ ಮಾತ್ರ ಈ ಕಥೆಯ ಅಲಂಕಾರ ಸಾರ್ಥಕ. ತಿದ್ದುಪಡಿಯ ನಿರ್ಧಾರವಿಲ್ಲದ ಸಂಭ್ರಮವು ಹಿನ್ನೋಟದ ಉದ್ದೇಶವನ್ನೇ ಕೈಬಿಡುತ್ತದೆ.