ಬಳ್ಳಾರಿ ಸೀಮೆಯ ವಂಶಾವಳಿ ಮತ್ತು ಮನೆತನದ ಹೆಸರುಗಳು

ಬಳ್ಳಾರಿ, ಸಿರುಗುಪ್ಪ ಮತ್ತು ಕುರುಗೋಡು ಭಾಗದ ಕುಟುಂಬಗಳ ಪೂರ್ವಿಕರನ್ನು ಗುರುತಿಸಲು ಹೆಳವರ ವಂಶಾವಳಿ, ಮನೆತನದ ಹೆಸರು ಹಾಗೂ ಸರ್ಕಾರಿ ದಾಖಲೆಗಳು ಮುಖ್ಯ ಆಧಾರಗಳಾಗಿವೆ.

ಹೆಳವರು

ಕುರುಗೋಡಿನ 12ನೆಯ ಶತಮಾನದ ಶಾಸನಗಳಲ್ಲಿ ಸಿಂದ ಅರಸರ ವಂಶಕ್ರಮವು ದೊರೆಯುತ್ತದೆ. ಶಾಸನಗಳಲ್ಲಿ ಸ್ಥಾನ ಪಡೆಯದ ಒಕ್ಕಲು ಮನೆತನಗಳ ವಂಶಕ್ರಮವನ್ನು ಉಳಿಸಿದವರು ಹೆಳವರು. ಎತ್ತಿನ ಮೇಲೆ ಕುಳಿತು, ಕಾಲುಗಳನ್ನು ಕಂಬಳಿಯಿಂದ ಮುಚ್ಚಿಕೊಂಡು ಊರಿಗೆ ಬರುತ್ತಿದ್ದ ಇವರು ಮನೆಮನೆಗೂ ಹೋಗಿ ಹಿರಿಯರ ಹೆಸರು, ಮೂಲಸ್ಥಳ ಮತ್ತು ವಲಸೆಯ ವಿವರಗಳನ್ನು ಹೇಳಿ, ದವಸಧಾನ್ಯ, ಹಣವನ್ನು ಪಡೆಯುತ್ತಿದ್ದರು. 1909ರಲ್ಲಿ ಪ್ರಕಟವಾದ ಎಡ್ಗರ್ ಥರ್ಸ್ಟನ್ ಅವರ ದಕ್ಷಿಣ ಭಾರತದ ಜಾತಿ-ಬುಡಕಟ್ಟುಗಳ ಕುರಿತ ಕೃತಿಯಲ್ಲಿ ಬಳ್ಳಾರಿ ಜಿಲ್ಲೆಯ ಹೆಳವರ ಉಲ್ಲೇಖವಿದೆ. ಹೆಳವರ ಬರುವಿಕೆ ನಿಂತ ಮನೆಗಳಲ್ಲಿ ಹೊಸ ತಲೆಮಾರಿನ ಹೆಸರುಗಳು ವಂಶಾವಳಿಗೆ ಸೇರದೆ ಉಳಿಯುತ್ತವೆ.

ಮನೆತನದ ಹೆಸರು

ತೆಲುಗು ಸಂಪ್ರದಾಯದಂತೆ ಇಲ್ಲಿನ ಹಲವು ಕುಟುಂಬಗಳಲ್ಲಿ ಮನೆತನದ ಹೆಸರು ವ್ಯಕ್ತಿನಾಮದ ಮೊದಲು ಬರುತ್ತದೆ. ಬಳ್ಳಾರಿಯ ನಾಟಕಕಾರ ಕೋಲಾಚಲಂ ಶ್ರೀನಿವಾಸರಾವ್ ಅವರ ಹೆಸರು ಇದಕ್ಕೆ ನಿದರ್ಶನ. ಆದರೆ ಹೆಸರಿನಲ್ಲಿರುವ ಊರು ಯಾವಾಗಲೂ ಮೂಲಸ್ಥಳವಲ್ಲ. ನಟ ಬಳ್ಳಾರಿ ರಾಘವ ಅವರು ತಾಡಿಪತ್ರಿಯಲ್ಲಿ ಜನಿಸಿದ ತಾಡಿಪತ್ರಿ ರಾಘವಾಚಾರ್ಯರು. ‘ಬಳ್ಳಾರಿ’ ಎಂಬುದು ಅನಂತರ ಸೇರಿದ ಹೆಸರು.

ದಾಖಲೆಗಳು

1800ರಲ್ಲಿ ನಿಜಾಮನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ಈ ಸೀಮೆಯು ಮದ್ರಾಸ್ ಪ್ರಾಂತ್ಯದಲ್ಲಿತ್ತು. 1953ರ ಅಕ್ಟೋಬರ್ 1ರಂದು ಜಿಲ್ಲೆಯ ಬಹುಭಾಗವು ಮೈಸೂರಿಗೂ, ಆದೋನಿ, ಆಲೂರು ಮತ್ತು ರಾಯದುರ್ಗ ತಾಲೂಕುಗಳು ಆಂಧ್ರಕ್ಕೂ ಸೇರಿದವು. ಆದುದರಿಂದ ಒಂದೇ ಮನೆತನದ ಶಾಖೆಗಳು ಇಂದು ಎರಡು ರಾಜ್ಯಗಳಲ್ಲಿರಬಹುದು. ಪ್ರಾಂತ್ಯದ ಕಾಲದ ಹಳೆಯ ಸರ್ಕಾರಿ ದಾಖಲೆಗಳಿಗಾಗಿ ಚೆನ್ನೈನಲ್ಲಿರುವ ತಮಿಳುನಾಡು ಪತ್ರಾಗಾರವನ್ನೂ ನೋಡಬೇಕಾಗುತ್ತದೆ.